ದ್ರಾಕ್ಷಿ ತುಳಿಯಲು ಹೋದದ್ದು

ಹೊಟ್ಟೆಕಿಚ್ಚು ನನಗೆ ಬಿಪಿಯಷ್ಟೇ ಹಳೆಯದು. ಬಿಪಿಗಾದರೂ ಮಾತ್ರೆ ಇದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಆದರೆ ಓದಿದವರನ್ನು ಕಂಡು ಎಂದೂ ಕರುಬಿಲ್ಲ. ಒಡವೆ ನೋಡಿಯೂ ಇಲ್ಲ. ನನ್ನ ಪಕ್ಕ ಕೂತವಳ ಮಾತನ್ನು ಜನ ನನ್ನ ಮಾತಿಗಿಂತ ಹೆಚ್ಚು ಕೇಳಿದರೆ ಮಾತ್ರ ಎದೆ ಉರಿಯುತ್ತದೆ.

ಜಯನಗರದ ಪಾರ್ಕಿನಲ್ಲಿ ದಿನಾ ಸಂಜೆ ನಾವು ಐದಾರು ಹೆಂಗಸರು ಒಂದು ಕಲ್ಲುಬೆಂಚಿನ ಹತ್ತಿರ ಸೇರುತ್ತೇವೆ. ಅಲ್ಲಿ ಹೇಳುವವಳು ನಾನು, ಕೇಳುವವರು ಅವರು. ನನ್ನ ಗರ್ಭಕೋಶದ ಆಪರೇಷನ್ ಕಥೆಯನ್ನೇ ಎಷ್ಟೋ ಸಲ ಕೇಳಿದ್ದಾರೆ, ಪಾಪ. ಹೀಗಿರುವಾಗ ನಮ್ಮಲ್ಲೇ ಒಬ್ಬಳಾದ ಬನಶಂಕರಿಯ ಸರೋಜಮ್ಮ ಮಗಳ ಜೊತೆ ನಂದಿ ಬೆಟ್ಟದ ಆಚೆ, ವೈನ್ ಮಾಡುವ ಒಂದು ಕಣಿವೆ ಊರಿಗೆ ಹೋಗಿ ಬಂದಳು. ಶುರುವಾಯಿತು ನೋಡಿ ಅವಳ ಪುರಾಣ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರವಂತೆ, ಸೀಬೆ ತೋಟವಂತೆ, ನೆಲಮಾಳಿಗೆಯಲ್ಲಿ ಆನೆಮರಿಯಂಥ ಮರದ ಪೀಪಾಯಿಗಳಂತೆ.

"ತೊಟ್ಟಿ ತುಂಬ ದ್ರಾಕ್ಷಿ ಸುರಿದಿರ್ತಾರೆ ಕಣ್ರೀ, ಬರಿಗಾಲಲ್ಲಿ ತುಳಿದೆ. ಸಖತ್ತಾಗಿತ್ತು!" ಅಂದಳು. ಜೊತೆಗೆ ಫೋಟೊ ಬೇರೆ: ತೊಟ್ಟಿಯ ಪಕ್ಕ ಸೀರೆ ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದಾಳೆ. ಒಂದು ವಾರ ನನ್ನ ಮಂಡಿನೋವನ್ನು ಯಾರೂ ವಿಚಾರಿಸಲಿಲ್ಲ.

ಮೊಮ್ಮಗಳು ಕಾವ್ಯಳ ಬೆನ್ನು ಬಿದ್ದೆ. "ಅಜ್ಜಿ, ನೀನು ವೈನ್ ಕುಡೀತೀಯಾ?" ಅಂದಳು.

"ಕುಡಿಯಲ್ಲ ಕಣೇ, ತುಳೀತೀನಿ."

ಭಾನುವಾರ ಹೋದೆವು. ಊರು ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ನನ್ನ ಕಣ್ಣೆಲ್ಲ ಆ ತೊಟ್ಟಿಯ ಮೇಲೆ. ಕಾಲು ತೊಳೆದುಕೊಂಡು ಇಳಿದೆ. ಒಂದು ಹೆಜ್ಜೆ ಇಟ್ಟೆನೋ ಇಲ್ಲವೋ, ತಿನ್ನುವ ಪದಾರ್ಥಕ್ಕೆ ಕಾಲು ತಾಗಿತಲ್ಲ, ಮೈ ತಾನಾಗಿ ಬಗ್ಗಿತು, ಕೈ ದ್ರಾಕ್ಷಿ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಇನ್ನೊಂದು ಹೆಜ್ಜೆ, ಮತ್ತೆ ಬಗ್ಗಿದೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? ನನ್ನ ಹಿಂದೆ ಇಳಿದ ಅಂಜನಾಪುರದ ಮೂವರು ಹೆಂಗಸರೂ ನನ್ನನ್ನು ನೋಡಿ ಬಗ್ಗಿ ಬಗ್ಗಿ ಕಣ್ಣಿಗೊತ್ತಿಕೊಳ್ಳತೊಡಗಿದರು.

ಅಲ್ಲಿ ಕೆಲಸಕ್ಕಿದ್ದ ಹುಡುಗಿ ಕಂಗಾಲಾದಳು. "ಆಂಟಿ, ಪೂಜೆ ಆಮೇಲೆ ಮಾಡಿ, ಮೊದ್ಲು ತುಳೀರಿ!"

"ಒಂದು ಕ್ಷಮೆ ಕೇಳೋಕೂ ಬಿಡಲ್ವೇನಮ್ಮಾ?"

ಕಾವ್ಯ ತೆಗೆದ ಫೋಟೊಗಳಲ್ಲೆಲ್ಲ ಬಗ್ಗಿದ ನನ್ನ ಹಿಂಭಾಗ ಮಾತ್ರ ಬಂದಿದೆ. ರಸ ಹತ್ತಿ ಕಣ್ಣುರೆಪ್ಪೆಯೆಲ್ಲ ನೇರಳೆ.

ಮರುದಿನ ಬೆಂಚಿನಲ್ಲಿ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಸರೋಜಮ್ಮ ತಲೆ ತಗ್ಗಿಸಿ ಮೆಲ್ಲಗೆ ಅಂದಳು: "ನಿಮಗೆ ಧೈರ್ಯ ಇತ್ತು ಬಿಡಿ. ನಾನು ತೊಟ್ಟಿಗೆ ಇಳೀಲೇ ಇಲ್ಲ. ತಿನ್ನೋದನ್ನ ತುಳಿಯೋಕೆ ಮನಸ್ಸು ಬರ್ಲಿಲ್ಲ. ಪಕ್ಕದಲ್ಲಿ ನಿಂತು ಫೋಟೊ ತೆಗೆಸ್ಕೊಂಡೆ. ನಿಮ್ಮ ಹತ್ರ ಸುಳ್ಳು ಹೇಳ್ದೆ."

ಒಬ್ಬಳು ತಟ್ಟನೆ ಅವಳ ಕೈ ಹಿಡಿದುಕೊಂಡು, "ಒಪ್ಕೊಂಡ್ರಲ್ಲ, ಎಂಥ ದೊಡ್ಡ ಮನಸ್ಸು ರೀ ನಿಮ್ದು!" ಅಂದಳು. ಉಳಿದವರೂ ಅವಳ ಕಡೆಗೇ ಸರಿದು ಕೂತರು. ನನ್ನ ಕಥೆ ಅರ್ಧಕ್ಕೇ ನಿಂತಿತು. ಅಷ್ಟು ದೂರ ಹೋಗಿ, ಅನ್ನದಂಥ ಹಣ್ಣನ್ನು ತುಳಿದು, ಕಣ್ಣುರಿ ತರಿಸಿಕೊಂಡವಳು ನಾನು; ಮರ್ಯಾದೆ ಅವಳಿಗೆ. ನಿಜ ಒಪ್ಪಿಕೊಂಡರೆ ಇಷ್ಟು ಬೆಲೆ ಸಿಗುತ್ತದೆಂದು ಗೊತ್ತಿದ್ದರೆ, ನಾನೂ ಮೊದಲೇ ಒಂದು ಸುಳ್ಳು ಹೇಳಿಟ್ಟಿರುತ್ತಿದ್ದೆ.