ಏರ್ ಫ್ರೈಯರಿನಲ್ಲಿಟ್ಟ ಬಂಗಾರ

ಅಪಾಯದ ಎದುರು ತಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದು ಮನುಷ್ಯನಿಗೆ ಅಪಾಯ ಬರುವ ತನಕ ಚೆನ್ನಾಗಿ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಪುಣೆಯ ವಿಮಾನ ನಗರದ ನಮ್ಮ ಕಚೇರಿಯಲ್ಲಿ ನಾನು ನಮ್ಮ ಮಹಡಿಯ ಫೈರ್ ವಾರ್ಡನ್. ಈ ಹುದ್ದೆಗೆ ಸಂಬಳವಿಲ್ಲ, ಕಿತ್ತಳೆ ಬಣ್ಣದ ಒಂದು ಜಾಕೆಟ್ ಇದೆ. ಯಾರು ಆಗುತ್ತೀರಿ ಎಂದು ಕೇಳಿದ ದಿನ ನಾನು ರಜೆಯಲ್ಲಿದ್ದೆ, ಆದ್ದರಿಂದ ಸರ್ವಾನುಮತದಿಂದ ಆಯ್ಕೆಯಾದೆ. ತರಬೇತಿ ಕೊಡಲು ಬಂದವರು ಅಗ್ನಿಶಾಮಕ ದಳದಿಂದ ನಿವೃತ್ತರಾದ ಒಬ್ಬ ಗಟ್ಟಿ ದನಿಯ ಮನುಷ್ಯ. ಬೆಂಕಿ ಕಂಡರೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮೂರು ಸಲ ಕೂಗಬೇಕು. ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಬೇಕು. ಸಾಮಾನಿನ ಆಸೆ ಬಿಡಬೇಕು. ಕೆಳಗೆ ಬಯಲಿನಲ್ಲಿ ನಿಂತು ಬಂದವರ ತಲೆ ಎಣಿಸಬೇಕು. ಇಷ್ಟನ್ನೇ ಅವರು ಬೆಳಗಿನಿಂದ ಊಟದ ಹೊತ್ತಿನವರೆಗೆ ಹೇಳಿದರು. ಪುಣೆಯಲ್ಲಿ ಎಲ್ಲರಿಗೂ ತಿಳಿಯುವ ಮಾತು ಅಂದರೆ "ಆಗ್". ಮರಾಠಿಯಲ್ಲೂ ಹಿಂದಿಯಲ್ಲೂ ಬೆಂಕಿಗೆ ಅದೇ ಹೆಸರು. ಆದ್ದರಿಂದ ನಾವು ಕಾರಿಡಾರಿನಲ್ಲಿ ಸಾಲಾಗಿ ನಿಂತು, ಇಲ್ಲದ ಬೆಂಕಿಯ ಕಡೆ ಕೈ ಮಾಡಿ, "ಆಗ್! ಆಗ್! ಆಗ್!" ಎಂದು ಕೂಗುವುದನ್ನು ಕಲಿತೆವು. ನನ್ನ ಕೂಗು ಅವರಿಗೆ ಬಹಳ ಹಿಡಿಸಿತು. ಎಲ್ಲರ ಮುಂದೆ ಇನ್ನೊಮ್ಮೆ ಕೂಗಿಸಿದರು.

ಇಷ್ಟು ಸಿದ್ಧತೆಯಿದ್ದ ಮನುಷ್ಯನ ಮನೆಯಲ್ಲಿ ನಡೆದದ್ದನ್ನು ನಾನೀಗ ಹೇಳಬೇಕು. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಕಚೇರಿಯಲ್ಲಿ ಹೇಳಿ ನೋಡಿದೆ, ಅಲ್ಲಿ ಬೇರೆಯವರು ಹಗುರಾದರು.

ಮೊದಲು ಆ ಯಂತ್ರದ ವಿಷಯ. ವರ್ಷದ ಹಿಂದೆ ಡಾಕ್ಟರು ನನ್ನ ರಕ್ತದ ವರದಿಯನ್ನು ಓದಿ, ಕನ್ನಡಕ ತೆಗೆದು, ಕರಿದದ್ದನ್ನು ಬಿಡಿ ಎಂದರು. ನಾವು ಧಾರವಾಡದ ಕಡೆಯವರು. ತಟ್ಟೆಯ ಅಂಚಿನಲ್ಲಿ ಕುರುಂ ಎನ್ನುವ ಪದಾರ್ಥ ಒಂದಾದರೂ ಇರದಿದ್ದರೆ ಅದನ್ನು ನಮ್ಮ ಅವ್ವ ಊಟ ಎಂದು ಒಪ್ಪುವುದಿಲ್ಲ, ಪಥ್ಯ ಎನ್ನುತ್ತಾಳೆ. ಕೆಲವು ವಾರ ಕುದಿಸಿದ ಹೀರೆಕಾಯಿಯ ಮುಂದೆ ಕೂತು ನಾನು ನನ್ನ ಬದುಕನ್ನು ಪರಾಮರ್ಶಿಸಿದೆ. ಆಮೇಲೆ ಏರ್ ಫ್ರೈಯರ್ ತಂದೆ. ಹೆಂಡತಿ ವಿದ್ಯಾಳ ಕೆಲಸ ಮಗರಪಟ್ಟಾದಲ್ಲಿ. ಅವಳು ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೂ ಕಚೇರಿಯ ಮೀಟಿಂಗು ಅವಳ ಬೆನ್ನು ಬಿಡುವುದಿಲ್ಲ. ಹಾಗಾಗಿ ವಾರದ ದಿನಗಳಲ್ಲಿ ರಾತ್ರಿಯ ಅಡುಗೆ ನನ್ನದು. ಯಂತ್ರ ಬಂದ ಮೇಲೆ ಅದು ನನ್ನ ಹಕ್ಕೂ ಆಯಿತು.

ಅವ್ವ ಅದನ್ನು ಸುತ್ತು ಹಾಕಿ ನೋಡಿದಳು. "ಎಣ್ಣಿ ಎಲ್ಲಿ ಹಾಕೂದು?"

"ಎಣ್ಣಿ ಬೇಕಾಗಂಗಿಲ್ಲವ್ವ. ಬಿಸಿ ಗಾಳಿ ತಿರುಗಿಸಿ ಕರೀತದ."

"ಗಾಳ್ಯಾಗ ಕರಿಯೂದು! ಹಂಗಾದ್ರ ಮೇ ತಿಂಗಳದಾಗ ನಮ್ಮೂರ ಮಂದಿ ಎಲ್ಲಾ ಸಂಡಿಗಿ ಆಗಬೇಕಿತ್ತಲ್ಲೋ."

ಆದರೂ ನಾನು ಪಟ್ಟು ಹಿಡಿದು ಕಲಿತೆ. ಬೆಂಡೆಕಾಯಿಯನ್ನು ತೊಳೆದು, ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು. ಒಂದು ಚಮಚ ಎಣ್ಣೆ, ಮೇಲೆ ಉದುರಿಸಿದಂತೆ ಕಡಲೆಹಿಟ್ಟು, ಖಾರಪುಡಿ, ಚೂರು ಆಮ್‌ಚೂರು. ಉಪ್ಪು ಮೊದಲೇ ಹಾಕಿದರೆ ನೀರು ಬಿಟ್ಟು ಎಲ್ಲ ಲೋಳೆಯಾಗುತ್ತದೆ, ಅದು ಕೊನೆಗೆ. ಬುಟ್ಟಿಯನ್ನು ಖಾಲಿ ಇದ್ದಾಗಲೇ ಒಮ್ಮೆ ಚೆನ್ನಾಗಿ ಕಾಯಿಸಿಕೊಂಡು, ಆಮೇಲೆ ಕಾಯಿಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಬೇಕು. ಹಗುರ ಪದಾರ್ಥ ಮಾತ್ರ ಕೂಡದು. ಒಮ್ಮೆ ಪಾಲಕ್ ಎಲೆ ಹಾಕಿ ನೋಡಿದ್ದೆ. ಒಳಗಿನ ಫ್ಯಾನು ಅದನ್ನು ಎಳೆದು ಮೇಲಿನ ಕಾದ ಸುರುಳಿಗೆ ಅಂಟಿಸಿ, ಕಾರ್ಬನ್ ಪೇಪರಿನಂಥ ಏನನ್ನೋ ವಾಪಸು ಕೊಟ್ಟಿತು. ಅದನ್ನು ತಿಂದವನು ನಾನೊಬ್ಬನೇ, ಅದೂ ಹಟಕ್ಕೆ. ಆದರೆ ಬೆಂಡೆಕಾಯಿ, ಹಾಗಲಕಾಯಿ ಸೈ ಅನ್ನಿಸಿಕೊಂಡವು. ಅವ್ವ ಬಾಯಿ ಬಿಟ್ಟು ಹೊಗಳಲಿಲ್ಲ. ಹಾಗಲಕಾಯಿ ಮಾಡಿದ ದಿನ ತಟ್ಟೆಯನ್ನು ನನ್ನಿಂದ ದೂರ, ತನಗೆ ಹತ್ತಿರ ಸರಿಸಿಕೊಳ್ಳುತ್ತಿದ್ದಳು, ಅಷ್ಟೇ.

ಹೀಗೆ ನಡೆದಿರಲು ದಸರಾ ಬಂತು. ಖಂಡೇನವಮಿಯ ದಿನ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ನನ್ನ ಸ್ಕೂಟರು, ವಿದ್ಯಾಳ ಲ್ಯಾಪ್‌ಟಾಪು ಸಾಲಾಗಿ ಕುಂಕುಮ ಹಚ್ಚಿಸಿಕೊಂಡವು. ಏರ್ ಫ್ರೈಯರಿಗೂ ಅವ್ವ ಒಂದು ಚೆಂಡುಹೂ ಏರಿಸಿದಳು. ನನಗೆ ಕಣ್ಣು ತುಂಬಿ ಬಂತು, ಒಪ್ಪಿಕೊಂಡಳಲ್ಲ ಎಂದು. ಮರುದಿನ ದಶಮಿ. ನಮ್ಮ ಕಡೆ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎನ್ನುತ್ತೇವೆ. ಪುಣೆಯವರು ಆಪಟಾ ಗಿಡದ ಎಲೆ ಕೊಟ್ಟು, ಸೋನಂ ಘ್ಯಾ, ಚಿನ್ನ ತಗೊಳ್ಳಿ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಎರಡೂ ಬಗೆಯ ಬಂಗಾರ ನಮ್ಮ ಮನೆಯಲ್ಲಿ ಮಡಿಲು ತುಂಬ ಆಯಿತು. ಅವ್ವ ಅದನ್ನು ಎಂದಿನಂತೆ ಹಂಚಿದಳು. ಒಂದಿಷ್ಟು ದೇವರ ಮುಂದೆ, ಒಂದಿಷ್ಟು ಅಕ್ಕಿ ಡಬ್ಬಿಯಲ್ಲಿ, ಒಂದಿಷ್ಟು ಕಪಾಟಿನ ಡ್ರಾದಲ್ಲಿ. ಆಮೇಲೆ ಮೂರು ನಾಲ್ಕು ದಿನ ಹೋಳಿಗೆ, ಚಿತ್ರಾನ್ನಗಳೇ ಮುಗಿಯದೆ ಯಂತ್ರಕ್ಕೆ ರಜೆ ಸಿಕ್ಕಿತು.

ಹಬ್ಬದ ಉಳಿಕೆಯೆಲ್ಲ ಮುಗಿದ ಸಂಜೆ ನಾನು ಬೆಂಡೆಕಾಯಿಗೆ ಇಳಿದೆ. ವಿದ್ಯಾ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿದ್ದಳು. ಅವ್ವ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದಳು. ನಾನು ಬುಟ್ಟಿಯನ್ನು ಎಳೆದು ನೋಡದೆ, ಖಾಲಿ ಎಂದೇ ತಿಳಿದು, ಯಂತ್ರವನ್ನು ಕಾಯಲು ಹಚ್ಚಿದೆ. ಎಡಗೈಯಲ್ಲಿ ಬೆಂಡೆಕಾಯಿಯ ಬೋಗುಣಿ ಹಿಡಿದು ನಿಂತೆ. ಒಳಗೆ ಏನೋ ಸರಸರ ಎಂದಿತು. ಇಲಿಯೇ ಎಂದುಕೊಂಡೆ. ಮುಂದಿನ ಸಣ್ಣ ಗಾಜಿನ ಕಿಂಡಿಯಲ್ಲಿ ಕಪ್ಪಗೆ ಏನೋ ಸುತ್ತುತ್ತ ಮೇಲೆ ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆ ಒಂದು ಕ್ಷಣವನ್ನು ನಾನು ಈಗಲೂ ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಮತ್ತೆ ಮತ್ತೆ ನೋಡುತ್ತೇನೆ. ಆಮೇಲೆ ಕಿಂಡಿಯ ತುಂಬ ಕಿತ್ತಳೆ ಬಣ್ಣ ಹೊತ್ತಿಕೊಂಡಿತು, ನನ್ನ ಜಾಕೆಟ್ಟಿನದೇ ಬಣ್ಣ. ಹಿಂದಿನಿಂದ ಹೊಗೆ ಬುಸುಗುಟ್ಟಿತು. ಯಂತ್ರದ ಪಕ್ಕಕ್ಕೆ ಎಣ್ಣೆಯ ಕ್ಯಾನು, ಅದರಾಚೆ ಗ್ಯಾಸಿನ ಕೊಳವೆ, ಮೇಲೆ ಪೇಪರು ಹಾಸಿದ ಮರದ ಹಲಗೆ.

ನಾನು ಕಲಿತದ್ದನ್ನು ಮರೆಯಲಿಲ್ಲ. "ಆಗ್! ಆಗ್! ಆಗ್!" ಎಂದು ಮೂರು ಸಲ, ಸ್ಪಷ್ಟವಾಗಿ ಕೂಗಿದೆ. ಹಾಲ್ ದಾಟಿ ಹೊರಬಿದ್ದೆ. ಲಿಫ್ಟಿನ ಕಡೆ ತಿರುಗಿಯೂ ನೋಡದೆ ನಾಲ್ಕು ಮಹಡಿ ಇಳಿದೆ. ಫೋನು, ಪರ್ಸು, ಚಪ್ಪಲಿ ಯಾವುದರ ಆಸೆಯನ್ನೂ ಇಟ್ಟುಕೊಳ್ಳಲಿಲ್ಲ. ಪಾರ್ಕಿಂಗಿನ ಬಯಲಿಗೆ ಬಂದು, ತಲೆ ಎಣಿಸಲು ತಿರುಗಿ ನಿಂತೆ. ಎಣಿಸಲು ನನ್ನದೊಂದೇ ತಲೆ ಇತ್ತು. ಮತ್ತು ಕೈಯಲ್ಲಿ ಬೋಗುಣಿ.

ಆ ಹೊತ್ತಿಗೆ ಮೊದಲ ಮಹಡಿಯ ಕಾಕೂ ವಾಕಿಂಗ್ ಮುಗಿಸಿ ಬಂದರು. ಎಪ್ಪತ್ತು ದಾಟಿದ ಹೆಂಗಸು, ತರಕಾರಿಯ ವಿಷಯದಲ್ಲಿ ಇಡೀ ಸೊಸೈಟಿಗೆ ಅವರದೇ ಕೊನೆಯ ಮಾತು. ನಾನು ಏದುಸಿರು ಬಿಡುತ್ತಿದ್ದೆ. ಬರಿಗಾಲಿನಲ್ಲಿ ಬೋಗುಣಿ ಹಿಡಿದು ನಿಂತ ನನ್ನನ್ನು ಬಿಟ್ಟು ಅವರು ಬೋಗುಣಿಯೊಳಗೆ ಇಣುಕಿದರು. ಒಂದು ಬೆಂಡೆಕಾಯಿ ಎತ್ತಿ ಬಾಗಿಸಿ ನೋಡಿ, "ಭೇಂಡೀ ಜರಾ ಜೂನ್ ದಿಸ್ತೇ" ಎಂದರು. ಬಲಿತಿದೆ ಎಂದು ಅರ್ಥ. ಆಮೇಲೆ, ಎಲ್ಲಿ ಕೊಂಡದ್ದು ಎಂದೂ ಕೇಳಿದರು. ನಾನು ಎಲ್ಲಿ ಕೊಂಡದ್ದು ಎಂದು ಹೇಳಿದೆ. ಅದು ಯಾಕೆ ಹಾಗೆ ಹೇಳಿದೆನೋ ನನಗೆ ಇಂದಿಗೂ ತಿಳಿದಿಲ್ಲ.

ಹೇಳುತ್ತಲೇ ಕತ್ತೆತ್ತಿ ನೋಡಿದೆ. ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆಯ ದೀಪಗಳೆಲ್ಲ ಒಟ್ಟಿಗೆ ಆರಿದವು. ಅಕ್ಕಪಕ್ಕದ ಕಿಟಕಿಗಳು ಬೆಳಗುತ್ತಿದ್ದವು, ನಮ್ಮದು ಮಾತ್ರ ಕಪ್ಪು ಚೌಕ. ಬೆಂಕಿ ವೈರಿಗೆ ಹೋಯಿತು ಎಂದುಕೊಂಡೆ. ಅವ್ವನ ಮೊಣಕಾಲು ನೆನಪಾಯಿತು. ಸೋಫಾದಿಂದ ಏಳಲು ಅವಳಿಗೆ ಒಂದು ಕೈ ಆಸರೆ ಬೇಕು. ಆ ಕೈ ಕೆಳಗೆ ಬೋಗುಣಿ ಹಿಡಿದು ನಿಂತಿತ್ತು. ವಿದ್ಯಾಳ ಹೆಡ್‌ಫೋನ್ ನೆನಪಾಯಿತು. ತಲೆ ಎಣಿಸುವ ಕೆಲಸದ ಅರ್ಥ ನನಗೆ ಆಗಲೇ ಆದದ್ದು. ಎಷ್ಟು ಬಂದಿವೆ ಎಂದಲ್ಲ, ಯಾವುದು ಬಂದಿಲ್ಲ ಎಂದು ತಿಳಿಯಲು ಎಣಿಸುವುದು. ಹೇಗೆ ಹತ್ತಿದೆನೋ ಗೊತ್ತಿಲ್ಲ. ಕಚೇರಿಯಲ್ಲಿ ವಾಪಸು ಹತ್ತುವುದನ್ನು ಕಲಿಸಿರಲಿಲ್ಲ.

ಬಾಗಿಲು ತೆರೆದಿತ್ತು. ಕತ್ತಲಲ್ಲಿ ಅವ್ವ ಗೋಡೆ ಹಿಡಿದು ನಿಂತಿದ್ದಳು. ಮೂಗಿಗೆ ಸುಟ್ಟ ವಾಸನೆ ಹೊಡೆಯಿತು.

"ಬಂದೇನು?" ಎಂದಳು. "ಆಗ, ಆಗ, ಆಗ ಅನಕೋತ ಓಡಿ ಹೋದಿ. ಆಗ ಏನಾತು ಅಂತ ನಾ ಕೇಳಿದ್ರ ನಿಲ್ಲಲೂ ಇಲ್ಲ. ಈಗಾರ ಹೇಳು, ಆಗ ಏನಾತು?"

ನಾನು ಬೆಂಕಿ ಬೆಂಕಿ ಎಂದು ಕೂಗಿದ್ದು ಅವಳ ಕಿವಿಗೆ, ಯಾವುದೋ ಕಥೆಯ ನಡುವೆ ತಡವರಿಸಿದಂತೆ ಕೇಳಿಸಿತ್ತು. ಕಥೆ ಹೇಳುವವನು ಮೆಟ್ಟಿಲಿಳಿದು ಹೋದದ್ದರಿಂದ, ಏನಿದೆ ನೋಡೋಣ ಎಂದು ಟೀಪಾಯಿ ಹಿಡಿದು ಎದ್ದು ಅಡುಗೆಮನೆಗೆ ಬಂದಿದ್ದಳು. ಹೊಗೆ ಕಂಡಿದ್ದಳು. ಯಂತ್ರದ ಗುಂಡಿಗಳು ಅವಳಿಗೆ ಗೊತ್ತಿಲ್ಲ, ಆದ್ದರಿಂದ ಬಾಗಿಲ ಬಳಿಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದಿದ್ದಳು. ವಿದ್ಯಾಳ ವೈಫೈ ಸತ್ತು, ಅವಳು ಕೋಣೆಯಿಂದ ಹೊರಬಂದು, ಅವ್ವನಿಗೆ ಯಂತ್ರದ ಬುಟ್ಟಿ ಎಳೆಯಗೊಡದೆ ಕಿಟಕಿ ತೆರೆದಿದ್ದಳು. ಗಾಳಿ ಸಿಗದೆ ಒಳಗಿನ ಬೆಂಕಿ ತಾನೇ ಆರಿತ್ತು. ಇಷ್ಟರಲ್ಲಿ ನಾನು ಬೆಂಡೆಕಾಯಿಯ ವಿಚಾರಣೆಗೆ ಉತ್ತರ ಕೊಡುತ್ತಿದ್ದೆ.

ತಣ್ಣಗಾದ ಮೇಲೆ ಬುಟ್ಟಿ ಎಳೆದೆವು. ತಳದಲ್ಲಿ ಕಪ್ಪು ಪುಡಿ, ಅದರ ನಡುವೆ ಅರ್ಧ ಸುಟ್ಟ ಒಂದು ಆಪಟಾ ಎಲೆ.

"ಅತ್ತಿ, ಇದರಾಗ ಬಂಗಾರ ಇಟ್ಟಿದ್ರೇನು?" ವಿದ್ಯಾ ಕೇಳಿದಳು.

"ಇಟ್ಟಿದ್ದೆ. ಡ್ರಾದಾಗ ಇಡಬೇಕಲ್ಲ."

"ಇದು ಡ್ರಾ ಅಲ್ಲವ್ವ" ಎಂದೆ ನಾನು.

"ಎಳದ್ರ ಹೊರಗ ಬರ್ತದ, ಒತ್ತಿದ್ರ ಒಳಗ ಹೋಗ್ತದ. ಡ್ರಾ ಅಲ್ದ ಮತ್ತೇನದು? ಮನ್ಯಾಗ ಎಲ್ಲಾಕಿಂತ ತುಟ್ಟಿ ಡ್ರಾ ಅಂತ ಅದರಾಗ ಇಟ್ಟೆ."

ಅಷ್ಟು ಹೇಳಿ ಅವಳು ಆ ಎಲೆಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಹಬ್ಬದ ಬಂಗಾರ ಮನೆಯೊಳಗೇ ಸುಟ್ಟಿತ್ತು. ಬೆಂಕಿಗೆ ಹೆದರದವಳು ಆ ಅಪಶಕುನಕ್ಕೆ ಹೆದರಿದಳು. "ಈ ಡ್ರಾ ಅಟ್ಟದ ಮ್ಯಾಲೆ ಹಾಕ್ರಿ. ಮತ್ತ ನನ್ನ ಕಣ್ಣಿಗೆ ಬೀಳೂದು ಬ್ಯಾಡ." ವಿದ್ಯಾಳೂ ಹೌದೆಂದಳು. ಅವಳ ಕಾರಣ ಬೇರೆ: ಕಟ್ಟೆಯ ಮೇಲೆ ಜಾಗವಾಗುತ್ತದೆ. ಯಂತ್ರ ಅಡುಗೆಮನೆಯ ಅಟ್ಟ ಸೇರಿತು. ನಾನು ಹೀರೆಕಾಯಿಗೆ ಮರಳಿದೆ.

ಆ ದಿನಗಳಲ್ಲಿ ನಾನು ಬಹಳ ವಾದಿಸಿದೆ. ಯಂತ್ರದ್ದು ತಪ್ಪಿಲ್ಲ, ಎಲೆ ಹಾರಿದ್ದು ಭೌತಶಾಸ್ತ್ರ ಎಂದೆ. ನಾನೇ ಇನ್ನು ಮುಂದೆ ಬುಟ್ಟಿ ತೆರೆದು ನೋಡಿ ಹಚ್ಚುತ್ತೇನೆ, ಎಣ್ಣೆಯ ಕ್ಯಾನನ್ನು ದೂರ ಇಡುತ್ತೇನೆ ಎಂದೆ. ನಾನು ತರಬೇತಿ ಪಡೆದವನು ಎಂದು ಒಮ್ಮೆ ಬಾಯಿ ತಪ್ಪಿ ಅಂದೆ. ವಿದ್ಯಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು, ಮತ್ತೆ ಲಟ್ಟಿಸತೊಡಗಿದಳು. ಆ ವಾದ ಅಲ್ಲಿಗೆ ಮುಗಿಯಿತು.

ಕೊನೆಗೆ ಯಂತ್ರವನ್ನು ಬಿಡಿಸಿದ್ದು ಹಾಗಲಕಾಯಿ. ಕುದಿಸಿದ ಹಾಗಲಕಾಯಿಯನ್ನು ಒಂದು ದಿನ ನಾನು ಬಡಿಸಿದೆ. ಅವ್ವ ಒಂದು ತುತ್ತು ತಿಂದು, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿ, ಸ್ವಲ್ಪ ಹೊತ್ತು ಅಟ್ಟವನ್ನೇ ನೋಡಿದಳು.

"ಆ ಡ್ರಾ ಇಳಸೋ, ಗುರ್ಯಾ."

"ಬಂಗಾರ ಸುಟ್ಟದ್ದು, ಕಣ್ಣಿಗೆ ಬೀಳೂದು ಬ್ಯಾಡ ಅಂದಿದ್ಯಲ್ಲವ್ವ?"

"ಅಕ್ಕಿ ಡಬ್ಬ್ಯಾಗಿನ ಬಂಗಾರ ಇನ್ನೂ ಅದ. ಸುಟ್ಟದ್ದರ ಬದಲಿ ಅದನ್ನ ಇಟ್ರಾತು."

ನಾನು ಸ್ಟೂಲಿನ ಮೇಲೆ ಅರ್ಧ ಹತ್ತಿದ್ದವನು ಅಲ್ಲೇ ನಿಂತೆ. "ಇದರಾಗ ಮಾತ್ರ ಬ್ಯಾಡವ್ವ, ಕೈ ಮುಗೀತೀನಿ."

"ಇದರಾಗ ಯಾಕ ಇಡಲಿ? ನನಗೇನು ಬುದ್ಧಿ ಇಲ್ಲೇನು?" ಎಂದವಳೇ, ಅಕ್ಕಿ ಡಬ್ಬಿಗೆ ಕೈ ಹಾಕಿ, ಒಣಗಿದ ಎರಡು ಎಲೆ ತೆಗೆದು, ಹಿಟ್ಟು ಝಾಡಿಸಿದಂತೆ ಝಾಡಿಸಿ, ನನ್ನ ಅಂಗಿಯ ಕಿಸೆಗೆ ತುರುಕಿ ಮೇಲಿಂದ ಎರಡು ಸಲ ತಟ್ಟಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದಳು:

"ವಿದ್ಯಾ, ಇನ್ಮ್ಯಾಲೆ ಮನೀ ಬಂಗಾರ ಇವನ ಕಿಸೇದಾಗ ಇಡೂಣು. ಬೆಂಕಿ ಬಿದ್ರ ಮನ್ಯಾಗಿಂದ ಮೊದಲ ಹೊರಗ ಬೀಳಾವ ಇವನ."