ನಿಂತವರು ಲೆಕ್ಕಕ್ಕಿಲ್ಲ!

ನಮ್ಮ ಸೋದರಮಾವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದರೆ ನಾನಂತೂ ಒಪ್ಪುವುದಿಲ್ಲ. ಹದಿನಾಲ್ಕರವರೆಗೆ ಸೊಗಸಾಗಿ ಬರುತ್ತಿತ್ತು. ಆಮೇಲೆ ಎಷ್ಟು ಮಂದಿ ಹತ್ತಿದರೂ ಹದಿನಾಲ್ಕೇ!

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಯಾದಗಿರಿ ಸ್ಟೇಷನ್ನಿನಿಂದ ಶಹಾಪುರ, ಸುರಪುರಕ್ಕೆ ಮಾವ ಸರ್ವಿಸ್ ಮೋಟಾರು ಓಡಿಸುತ್ತಿದ್ದ. ಬಾಗಿಲ ಮೇಲಿನ ತಗಡಿನಲ್ಲಿ 'ಹದಿನಾಲ್ಕು ಜನ ಕೂಡಬಹುದು' ಎಂದು ಉರ್ದುವಿನಲ್ಲಿ ಬರೆದಿತ್ತು. ಆ 'ಕೂಡಬಹುದು' ಎಂಬ ಮಾತನ್ನು ಮಾವ ವಕೀಲರಿಗಿಂತ ಚೆನ್ನಾಗಿ ಓದಿಕೊಂಡಿದ್ದ.

ಒಮ್ಮೆ ದೋರನಹಳ್ಳಿಯಲ್ಲಿ ಪೊಲೀಸ್ ಅಮೀನರು ಮೋಟಾರು ನಿಲ್ಲಿಸಿದರು. ಒಳಗೆ ಇಣುಕಿ ಹೌಹಾರಿದರು. ಒಬ್ಬರ ಕಂಕುಳಲ್ಲಿ ಇನ್ನೊಬ್ಬರ ತಲೆ, ಆ ತಲೆಯ ಮೇಲೆ ಮೂರನೆಯವರ ಕೋಳಿ!

"ಎಷ್ಟ್ ಮಂದೀನ ತುಂಬೀಯಲೇ?"

"ಹದಿನಾಲ್ಕು ಸಾಹೇಬ್ರ. ಕೂತವರನ್ನ ಎಣಸ್ರಿ. ಉಳದವರು ನಿಂತಾರ್ರಿ!"

ಅಮೀನರು ಎಣಿಸಿದರು. ಕೂತವರು ಹದಿನಾಲ್ಕೇ! "ಮತ್ತ ನೀ ಕೂತೀಯಲ್ಲಲೇ? ಹದಿನೈದಾತು!" ಎಂದರು. ಮಾವ ತಟ್ಟನೆ ಎದ್ದು ನಿಂತ. ಅಷ್ಟರಲ್ಲಿ ಹಿಂದೆ ನಿಂತಿದ್ದ ಮುದುಕನೊಬ್ಬ ಕಾಲು ಸೋತು ಕುಸಿಯತೊಡಗಿದ. ಇಡೀ ಮೋಟಾರೇ ಕಿರುಚಿತು: "ಕೂಡಬ್ಯಾಡೋ ಯಪ್ಪಾ, ಕೇಸ್ ಆಗ್ತದ!" ಅಮೀನರಿಗೂ ನಗು ತಡೆಯಲಾಗಲಿಲ್ಲ. ಬೈದು ಬಿಟ್ಟುಬಿಟ್ಟರು. ಬಿಡಬಾರದಿತ್ತು.

ಮುಂದಿನ ವಾರ ಸುರಪುರದಿಂದ ಅವ್ವನೂ ನಾನೂ ಅದೇ ಮೋಟಾರು ಹತ್ತಿದೆವು. ಶಹಾಪುರದಲ್ಲಿ ಮತ್ತಷ್ಟು ಮಂದಿ ನುಗ್ಗಿದರು. ಕೂತಿದ್ದ ಅವ್ವನನ್ನು ಮಾವ ಎಬ್ಬಿಸಿದ. "ನೀ ಮನೀಯಾಕಿ, ಸ್ವಲ್ಪ ನಿಂದ್ರವಾ." ಸ್ವಂತ ತಂಗಿಗೆ! ಅವ್ವ ಬಾಗಿಲ ಬಳಿ ನಿಂತಳು.

ಊರು ದಾಟಿದ ಮೇಲೆ ಒಂದು ಹಳ್ಳದ ಇಳಿಜಾರು. ಮಾವ ಬ್ರೇಕು ತುಳಿದ. ನಿಲ್ಲಬೇಕಲ್ಲ? ಮೂವತ್ತು ಮಂದಿಯ ಭಾರ ಮೋಟಾರನ್ನು ದಬ್ಬಿಕೊಂಡೇ ಹೋಯಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹಳ್ಳದಲ್ಲಿ ಮಗುಚಿ ಬಿತ್ತು! ಕೂತವರಿಗೆ ತರಚುಗಾಯ. ನಿಂತವರು ಕಲ್ಲುಗಳ ಮೇಲೆ ಹೋಗಿ ಬಿದ್ದಿದ್ದರು. ಯಾರೂ ಸಾಯದೆ ಉಳಿದದ್ದೇ ಪವಾಡ. ಅವ್ವನ ಬಲಗೈ ಮೊಣಕೈಯ ಬಳಿ ಎತ್ತಲೋ ತಿರುಗಿತ್ತು.

ಮೊಕದ್ದಮೆ ಶಹಾಪುರದ ಅದಾಲತ್ತಿಗೆ ಬಂತು. ಲೈಸೆನ್ಸು ಹೋದರೆ ಮಾವನ ಬದುಕೇ ಹೋದಂತೆ. ಅವನಿಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಮುನ್ಸೀಫರು ಅವ್ವನನ್ನು ಸಾಕ್ಷಿಗೆ ಕರೆದರು. ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡಿದ್ದ ಅವ್ವ ಕಣ್ಣು ಮಿಟುಕಿಸದೆ ಹೇಳಿದಳು: "ಯಾರೂ ನಿಂತಿರಲಿಲ್ರಿ. ನಾನೂ ಕೂತಿದ್ದೆ. ಎತ್ತು ಅಡ್ಡ ಬಂತು, ಅದಕ್ಕ ಬಿತ್ರಿ."

ಅಬ್ಬಾ, ಒಂದು ದಿನವೂ ಸುಳ್ಳಾಡದ ನಮ್ಮ ಅವ್ವ! ಅದೂ ಅದಾಲತ್ತಿನಲ್ಲಿ! ನಾನು ಬೆಚ್ಚಿಬಿದ್ದೆ. ಅಷ್ಟರಲ್ಲಿ ಮಾವ ಬಾಯಿ ಹಾಕಿದ.

"ತಂಗಿ ಸುಳ್ಳು ಹೇಳಾಕತ್ತಾಳ್ರಿ. ಎತ್ತೂ ಇಲ್ಲ, ಏನೂ ಇಲ್ಲ. ಮಂದೀನ ತುಂಬಿದ್ದು ನಾ. ಕೂತಾಕೀನ್ನ ಎಬ್ಬಿಸಿ ಬಾಗಲದಾಗ ನಿಂದರ್ಸಿದ್ದೂ ನಾನ."

ಲೈಸೆನ್ಸು ರದ್ದಾಯಿತು, ಜುರ್ಮಾನೆಯೂ ಬಿತ್ತು. ಹೊರಗೆ ಬಂದೊಡನೆ ಅವ್ವ ಹರಿಹಾಯ್ದಳು: "ಸುಮ್ಮನಿದ್ದಿದ್ರ ಆಗ್ತಿತ್ತಲ್ಲೋ ಅಣ್ಣಾ! ನಾಳೆ ಏನ್ ತಿಂತಿ?"

ಮಾವ ಅವಳ ದಬ್ಬೆ ಕಟ್ಟಿದ ಕೈಯನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ತೆಗೆದುಕೊಂಡ. "ನಿನ್ನ ಕೈ ಮುರದೀನವ್ವಾ," ಎಂದ, "ಬಾಯೀನೂ ಕೆಡಸ್ಲೇನು?"

ಮಾವ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.