ಮೈದುನ ಕರೆತಂದ ಬಸುರಿ

"ಅಮ್ಮ, ಚಿಕ್ಕಪ್ಪಂಗೆ ಇನ್ನೂ ಮದುವೆ ಆಗಿಲ್ಲ ಅಲ್ವಾ? ಮತ್ತೆ ಅವರ ಹತ್ರ ಬಸುರಿ ಹೇಗೆ ಬಂದ್ಲು?"

ಐದು ವರ್ಷದ ಮಗಳು ನನ್ನ ಫೋನನ್ನು ಕಿವಿಗಿಟ್ಟುಕೊಂಡೇ ಕೇಳಿದಳು. ನನ್ನ ಕೈಯಲ್ಲಿದ್ದ ಹಾಲಿನ ಲೋಟ ತಾನಾಗಿಯೇ ಓರೆಯಾಯಿತು. ಫೋನ್ ಕಿತ್ತುಕೊಂಡೆ. ಮೈದುನನ ಧ್ವನಿಸಂದೇಶ: "ಅತ್ತಿಗೆ, ಬಸುರೀನ ಕರ್ಕೊಂಡು ಬರ್ತಿದೀನಿ. ಒಂದು ದಿನ ಇಟ್ಕೊಳ್ಳಿ. ಬೇರೆ ಎಲ್ಲೂ ಜಾಗ ಇಲ್ಲ. ಯಾವ ಗಳಿಗೇಲಾದ್ರೂ ಆಗಬಹುದು."

ಗಡ್ಡ ಕೆರೆದುಕೊಳ್ಳುತ್ತಿದ್ದ ಗಂಡನಿಗೆ ಕೇಳಿಸಿದೆ. ಅರ್ಧ ಮುಖದ ನೊರೆಯೊಂದಿಗೆ ಅವರು ಹಾಗೇ ಸ್ಟೂಲಿನ ಮೇಲೆ ಕುಸಿದರು.

"ಅವನ ವಯಸ್ಸಲ್ಲಿ ನಾನು ಒಂದು ಹುಡುಗೀನೂ ಕಣ್ಣೆತ್ತಿ ನೋಡಿರಲಿಲ್ಲ ಕಣೇ."

"ಗೊತ್ತು ಬಿಡಿ. ಮದುವೆ ಆದ್ಮೇಲೂ ನೋಡಿಲ್ಲ."

ಹತ್ತು ನಿಮಿಷ ತಲೆಯ ಮೇಲೆ ಕೈಹೊತ್ತು ಕೂತೆ. ಆಮೇಲೆ ನನ್ನೊಳಗಿನ ಮಹಾತಾಯಿ ಎದ್ದು ನಿಂತಳು. ಡೈರಿ ತೆರೆದು ಬರೆದೆ: 'ಯಾರ ಮಗಳೋ ಏನೋ, ಒಂದೂ ಪ್ರಶ್ನೆ ಕೇಳುವುದಿಲ್ಲ. ಒಂದು ಮಗುವನ್ನು ಸಾಕಿದವಳಿಗೆ ಇದು ಯಾವ ಲೆಕ್ಕ?' ಹಾಸಿಗೆಗೆ ಹೊಸ ಹೊದಿಕೆ ಹಾಸಿದೆ. ಬೆನ್ನಿಗೆ ಎರಡು ದಿಂಬು ಒತ್ತಿಟ್ಟೆ.

ಮೈದುನ ಬಂದದ್ದು ಒಬ್ಬನೇ, ಒಂದು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು.

"ಎಲ್ಲಪ್ಪಾ ಆಕೆ?"

"ಇಲ್ಲೇ ಅತ್ತಿಗೆ," ಎಂದು ಮುಚ್ಚಳ ತೆಗೆದ. ಒದ್ದೆ ಗೋಣಿಯ ಮೇಲೆ ಎರಡು ಕೊಂಡಿಗಳಿಗೂ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡ, ದೈತ್ಯ ಸಿಗಡಿಯಂಥ ಒಂದು ಲಾಬ್‌ಸ್ಟರ್ ಮೀಸೆ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತಿತ್ತು. ಬಾಲದಡಿ ಕಪ್ಪು ಮೊಟ್ಟೆಗಳ ಗೊಂಚಲು. ಅವನು ಕೆಲಸ ಮಾಡುವ, ಮೊಟ್ಟೆಯೊಡೆಸಿ ಮರಿ ಬೆಳೆಸುವ ಹ್ಯಾಚರಿಯಲ್ಲಿ ಮೊಟ್ಟೆ ಹೊತ್ತ ಲಾಬ್‌ಸ್ಟರಿಗೆ ಬಸುರಿ ಅನ್ನುತ್ತಾರಂತೆ. ನನ್ನ ಗಂಡ ಬಿಟ್ಟ ನಿಟ್ಟುಸಿರಿಗೆ ಪರದೆ ಅಲ್ಲಾಡಿತು.

ಆದರೆ ಮೈದುನನ ಮುಖದಲ್ಲಿ ನಗುವಿರಲಿಲ್ಲ. ನೀರು ತಣ್ಣಗಿಡುವ ಯಂತ್ರ ಕೆಟ್ಟು ಹ್ಯಾಚರಿಯಲ್ಲಿದ್ದವೆಲ್ಲ ಸತ್ತಿದ್ದವು. ಉಳಿದದ್ದು ಇದೊಂದೇ.

"ನಾಳೆ ತಪಾಸಣೆಗೆ ಸಾಹೇಬ್ರು ಬರ್ತಾರೆ. ಜೀವ ಇರೋ ಮರಿ ತೋರಿಸದಿದ್ರೆ ಹ್ಯಾಚರಿಗೆ ಬೀಗ, ನನಗೆ ಗೇಟು. ಮರಿ ಕಂಡ ತಕ್ಷಣ ಫೋನ್ ಮಾಡಿ."

ಸ್ನಾನದ ತೊಟ್ಟಿಗೆ ಕ್ಯಾನುಗಳಲ್ಲಿ ತಂದ ಕಡಲ ನೀರು ಸುರಿದು, ಗಾಳಿಯೂದುವ ಪುಟ್ಟ ಪಂಪು ಇಳಿಬಿಟ್ಟು, ಬಸುರಿಯನ್ನು ಅದರೊಳಗೆ ಇಳಿಸಿ, ಯಂತ್ರ ರಿಪೇರಿಗೆ ಓಡಿದ.

"ಇದಕ್ಕೆಲ್ಲ ಓದ್ಕೊಂಡಿರಬೇಕು ಕಣೇ," ಅಂದರು ಗಂಡ.

"ನಿಮ್ಮ ಮಗಳು ಹುಟ್ಟಿ ಹನ್ನೊಂದು ತಿಂಗಳು ರಾತ್ರಿ ಕಣ್ಣು ಮುಚ್ಚಲಿಲ್ಲ. ನಾನು ಯಾವ ಪುಸ್ತಕ ಓದಿದ್ದೆ?"

ಗಂಟೆಗೊಮ್ಮೆ ಇಣುಕಿದೆ. ಮರಿ ಅಂದರೆ ಮೀಸೆ, ಕೊಂಡಿ ಎಲ್ಲ ಇರುವ, ಬೆರಳುದ್ದದ ಲಾಬ್‌ಸ್ಟರ್ ಎಂದು ನನ್ನ ಕಲ್ಪನೆ. ಅಂಥದ್ದೊಂದೂ ಕಾಣಲಿಲ್ಲ. ಮಧ್ಯಾಹ್ನ ಮೂರಕ್ಕೆ ನೋಡಿದರೆ ನೀರಿನ ತುಂಬ ಸಣ್ಣ ಸಣ್ಣ ಕಸ. ಹೆರಿಗೆಯ ಕೋಣೆ ಹೀಗಿರುವುದೇ? ಟೀ ಸೋಸುವ ಜಾಲರಿ ತಂದು ಸೋಸಿದೆ, ಸಿಂಕಿಗೆ ಕೊಡವಿದೆ, ನಲ್ಲಿ ಬಿಟ್ಟೆ. ಮತ್ತೆ ಕಸ. ಮತ್ತೆ ಸೋಸಿದೆ. ಹಟಕ್ಕೆ ಬಿದ್ದ ಕಸ, ಹಟಕ್ಕೆ ಬಿದ್ದ ನಾನು. ನಾಲ್ಕನೆಯ ಸಲ ಎತ್ತಿದಾಗ ಮಗಳು ಜಾಲರಿಗೆ ಮೂಗು ತಾಗಿಸಿ ನೋಡಿ ಮೆಲ್ಲಗೆ ಹೇಳಿದಳು:

"ಅಮ್ಮ, ಈ ಕಸಕ್ಕೆ ಕಣ್ಣಿದೆ."

ಜಾಲರಿಯ ತುಂಬ ಕಪ್ಪು ಕಣ್ಣುಗಳು. ಸಾಸಿವೆಗಿಂತ ಚಿಕ್ಕವು, ಎಲ್ಲವೂ ನನ್ನ ಕಡೆಗೇ. ಜಾಲರಿಯನ್ನು ತೊಟ್ಟಿಯಲ್ಲಿ ಅದ್ದಿ, ಮೈದುನನಿಗೆ ಫೋನ್ ಒತ್ತಿದೆ.

"ಎಷ್ಟು ಮರಿ ಬಂದಿವೆ ಅತ್ತಿಗೆ?"

"ಎಷ್ಟು ಅಂದ್ರೆ... ಈಗ ಇರೋದಾ?"

"ಮೊದಲು ಒಂದೊಂದನ್ನೂ ಬೇರೆ ಬೇರೆ ಇಡಿ. ಒಟ್ಟಿಗಿದ್ರೆ ತಿಂದುಬಿಡ್ತವೆ."

"ಒಡಹುಟ್ಟಿದವನ್ನೇ?"

"ಒಡಹುಟ್ಟಿದವನ್ನೇ ಮೊದಲು."

ಆಮೇಲೆ ನಡೆದದ್ದು ಯುದ್ಧ. ಗಂಡ ಚಮಚದಲ್ಲಿ ಹಿಡಿದರು, ನಾನು ತೊಟ್ಟಿಯ ನೀರನ್ನೇ ತುಂಬಿ ಇಳಿಸಿದೆ, ಮಗಳು ಜಾಗ ಹುಡುಕಿದಳು. ಐಸ್ ಟ್ರೇಯ ಹನ್ನೆರಡು ಕೋಣೆ, ಲೋಟಗಳು, ಬಟ್ಟಲುಗಳು, ಕೆಮ್ಮಿನ ಔಷಧದ ಮುಚ್ಚಳ, ಮಗಳ ಆಟದ ಟೀ ಸೆಟ್ಟು. ಕೊನೆಗೆ ಗಂಡನ ಗಡ್ಡದ ಬಟ್ಟಲೂ ಹೋಯಿತು.

"ಅದರಲ್ಲಿ ಸೋಪಿರುತ್ತೆ ಕಣೇ."

"ಮೂರು ಸಲ ತೊಳೆದಿದೀನಿ. ನೀವು ಹಿಡೀರಿ."

ಏಳು ಗಂಟೆಗೆ ಮೈದುನ ಬಂದಾಗ ಊಟದ ಮೇಜು, ಕಿಟಕಿ, ಪುಸ್ತಕದ ಕಪಾಟು, ಎಲ್ಲಿ ನೋಡಿದರೂ ಲೋಟಕ್ಕೊಂದು ಜೀವ ಮಿಸುಕುತ್ತಿತ್ತು. ಅವನು ತುದಿಗಾಲಲ್ಲಿ ನಡೆದು ಎಣಿಸಿದ. ನೂರ ಹದಿನೇಳು. ನಾನು ಗೋಡೆಗೆ ಒರಗಿ ನಿಂತು, ಜಾಲರಿಯ ಕಥೆಯನ್ನು ಹೇಳಿಬಿಟ್ಟೆ.

"ಸಿಂಕಿಗೆ ಎಷ್ಟು ಹೋದ್ವು?"

"ಮೂರು ಜಾಲರಿ."

ಅವನು ಹೋಗಿ ಸಿಂಕಿನ ತೂತಿನೊಳಗೆ ಬಗ್ಗಿ ನೋಡಿ ಬಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇರೋವನ್ನ ಈಗ ಅಲ್ಲಾಡಿಸಿದ್ರೆ ಸಾಯ್ತವೆ," ಎಂದ. "ಸಾಹೇಬ್ರನ್ನೇ ಬೆಳಿಗ್ಗೆ ಇಲ್ಲಿಗೆ ಕರ್ಕೊಂಡು ಬರ್ತೀನಿ. ಅತ್ತಿಗೆ, ಒಂದು ಉಪಕಾರ ಮಾಡ್ತೀರಾ?"

"ಏನು ಬೇಕಾದ್ರೂ ಹೇಳಪ್ಪ."

ಅವನು ಎರಡೂ ಕೈ ಜೋಡಿಸಿದ.

"ಅಲ್ಲೀವರೆಗೆ ಮನೇಲಿ ಏನನ್ನೂ ತೊಳೀಬೇಡಿ."